ರೇಡಿಯೇಟರಿಗೆ ಹೊಯ್ದ ನೀರು

ತೊಂಬತ್ತೆಂಟರ ಬೇಸಿಗೆಯಲ್ಲಿ ಚಿನಕುರಳಿ ಕಡೆಯ ಕಲ್ಲುಗಣಿಗಳಲ್ಲಿ ಹೊತ್ತು ನೆತ್ತಿಗೇರುವ ಮೊದಲೇ ಸುತ್ತಿಗೆ ಸುಡುತ್ತಿತ್ತು. ಹಿಡಿ ಮರದ್ದು. ಆದರೂ ಸುಡುತ್ತಿತ್ತು. ಹೆಂಗಸರು ಅಂಗೈಗೆ ಹಳೇ ಸೀರೆಯ ಚೂರು ಸುತ್ತಿಕೊಂಡು ಜಲ್ಲಿ ಒಡೆಯುತ್ತಿದ್ದರು. ಕೂರಲು ಗೋಣಿತಾಟು, ಕಾಲಿಗೆ ಟೈರಿನ ಚಪ್ಪಲಿ. ಬೆವರು ಬಂಡೆಯ ಮೇಲೆ ಬಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಆರಿಹೋಗುತ್ತಿತ್ತು.

ಆ ಗಣಿಗಳಲ್ಲಿ ಒಂದು ಸೋಮಯ್ಯನದು.

ಸೋಮಯ್ಯ ಕೇರಿಯವನು. ಅವನ ಅಪ್ಪ ಗೌಡರ ಕಣದಲ್ಲಿ ಹೆಗಲ ವಸ್ತ್ರ ಒಡ್ಡಿ ನಿಂತು ರಾಗಿ ಈಸಿಕೊಂಡವನು. ಅಣ್ಣ ದಾಸಯ್ಯ ಊರ ಗೌಡ ಚಲುವರಾಜುವಿನ ಗಣಿಯಲ್ಲಿ ಮದ್ದಿನ ಕುಳಿ ಹೊಡೆದು ಎದೆತುಂಬ ಧೂಳು ತುಂಬಿಕೊಂಡವನು. ಸೋಮಯ್ಯನೂ ಮೀಸೆ ಮೂಡುವ ಮೊದಲೇ ಅಲ್ಲಿಗೇ ಹೋದ. ಕಲ್ಲು ಹೊತ್ತ, ಮದ್ದು ತುಂಬಿದ, ಬೈಸಿಕೊಂಡ. ಆಮೇಲೆ ಕೇರಿಯ ಜನಕ್ಕೆ ಸ್ವಂತ ಉದ್ಯೋಗದ ಸಾಲ ಕೊಡುತ್ತಾರೆ ಎಂದು ಯಾರೋ ಹೇಳಿದರು. ಎರಡು ವರ್ಷ ಓಡಾಡಿದ. ಬ್ಯಾಂಕಿನ ಮೆಟ್ಟಿಲಲ್ಲಿ ಕೂತು ಕೂತು ಅವನ ಪಂಚೆಯ ಹಿಂಭಾಗ ಸವೆಯಿತು. ಕೊನೆಗೆ ಸಾಲ ಬಂತು. ಅವನ ಪಾಲಿನ ಹಣ ಮೊದಲು ಕಟ್ಟಬೇಕು ಅಂದಾಗ ಅತ್ತಿಗೆ ಮಾರಮ್ಮ ಕಿವಿಯ ಓಲೆ ಬಿಚ್ಚಿ ಕೈಗಿಟ್ಟಳು.

"ತಕೋ. ಕಿವಿ ನನ್ತಾವೇ ಇರ್ತವೆ. ಓಲೆ ನಾಳೆ ಬಂದಾವು."

ಸಿಂಧಘಟ್ಟದಿಂದ ಮದುವೆಯಾಗಿ ಬಂದಾಗ ಅವಳಿಗೆ ಹದಿನಾರೋ ಹದಿನೇಳೋ. ತಾಯಿಯಿಲ್ಲದ ಮೈದುನನನ್ನು ಸೊಂಟಕ್ಕೆ ಹಾಕಿಕೊಂಡೇ ಸಂಸಾರಕ್ಕೆ ಕಾಲಿಟ್ಟವಳು. ಅವನಿಗೆ ಸೀತಾಳೆ ಸಿಡುಬು ಎದ್ದಾಗ ಬೇವಿನ ಸೊಪ್ಪು ಹಿಡಿದು ಬೆಳತನಕ ಕೂತಿದ್ದವಳು.

ಸೋಮಯ್ಯ ನಾಗಮಂಗಲದಲ್ಲಿ ಒಬ್ಬರು ಮಾರಿದ, ಬಂಡೆಗೆ ಕುಳಿ ಕೊರೆಯುವ ಕಂಪ್ರೆಸ್ಸರನ್ನು ತಂದ. ಹಳೇದು, ಆದರೆ ಗಟ್ಟಿ. ಕೇರಿಯ ಬಾಯಲ್ಲಿ ಅದನ್ನು ನಿಲ್ಲಿಸಿದ ದಿನ ಮುದುಕರು ಬಂದು ಅದರ ಮೈ ಸವರಿದರು. ಗುಡ್ಡದ ಒಂದು ತುಂಡು ಗುತ್ತಿಗೆಗೆ ಸಿಕ್ಕಿತು. ಚಲುವರಾಜುವಿನ ಗಣಿಯಲ್ಲಿದ್ದ ಕೇರಿಯ ಆಳುಗಳೆಲ್ಲ ಸೋಮಯ್ಯನ ಹಿಂದೆ ಬಂದರು. ಅಣ್ಣ ದಾಸಯ್ಯ ಕಂಪ್ರೆಸ್ಸರಿನಲ್ಲಿ ಕುಳಿ ಕೊರೆದ. ಮಾರಮ್ಮ, ನೆರೆಮನೆಯ ಕುಳ್ಳಮ್ಮ, ಇನ್ನೂ ಆರೇಳು ಹೆಂಗಸರು ಜಲ್ಲಿ ಒಡೆದರು. ಜಲ್ಲಿ ಬಾಡಿಗೆ ಟ್ರಾಕ್ಟರಿನಲ್ಲಿ ಶ್ರೀರಂಗಪಟ್ಟಣದ ಕಡೆ ರಸ್ತೆ ಕೆಲಸಕ್ಕೆ ಹೋಯಿತು.

ಮಾಲೀಕನಾದ ಮೇಲೆ ಸೋಮಯ್ಯ ಮಾಡಿದ ಮೊದಲ ಕೆಲಸ ನೀರಿನದು. ಗುಡ್ಡದ ಕೆಳಗೇ ಚಲುವರಾಜುವಿನ ತೆಂಗಿನ ತೋಟ, ಅದರಲ್ಲಿ ಪಂಪ್‌ಸೆಟ್ಟು, ನೀರಿನ ತೊಟ್ಟಿ. ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಕೇರಿಯವರು ತೊಟ್ಟಿ ಮುಟ್ಟುವಂತಿಲ್ಲ. ಕೊಡ ಇಟ್ಟು ದೂರ ಸರಿಯಬೇಕು. ತೋಟದ ಆಳಿಗೆ ಮನಸ್ಸು ಬಂದಾಗ ಮೇಲಿಂದ ಹೊಯ್ಯಬೇಕು. ಅರ್ಧ ಕೊಡಕ್ಕೆ, ಅರ್ಧ ನೆಲಕ್ಕೆ.

"ಇನ್ಮ್ಯಾಕೆ ಅಲ್ಲೀಗ್ ಯಾರೂ ವೋಗ್ಬ್ಯಾಡಿ" ಅಂದ ಸೋಮಯ್ಯ. "ನಮ್ ನೀರ್ನ ನಾವೇ ತರಾನ." ದಿನಾ ಬೆಳಿಗ್ಗೆ, ಮಧ್ಯಾಹ್ನ ಟ್ರಾಕ್ಟರಿನಲ್ಲಿ ಕೇರಿಯ ಬೋರಿನಿಂದ ಒಂದು ಡ್ರಮ್ಮು ನೀರು ತರಿಸಿದ. ಹೆಂಗಸರು ಅಂದು ನೀರನ್ನು ಚೊಂಬಿನಲ್ಲಿ ತಾವೇ ಮೊಗೆದು ಕುಡಿದರು. ಅದನ್ನು ನೋಡಿ ಸೋಮಯ್ಯನಿಗೆ ಹೊಟ್ಟೆ ತುಂಬಿತ್ತು.

ಮೊದಲ ವರ್ಷ ಕಂತು ತಪ್ಪಲಿಲ್ಲ. ಎರಡನೇ ವರ್ಷದ ಬೇಸಿಗೆ ಹೊಡೆಯಿತು.

ಮಾರ್ಚಿನಲ್ಲೇ ಶುರು. ಯುಗಾದಿಯ ಹೊತ್ತಿಗೆ ಗುಡ್ಡ ಕಾದ ಕಾವಲಿಯಾಯಿತು. ಹತ್ತೂವರೆ ದಾಟಿದರೆ ಕೈ ಆಡುತ್ತಿರಲಿಲ್ಲ. ಹೆಂಗಸರು ಸುತ್ತಿಗೆ ಬಿಟ್ಟು ಹೊಂಗೆಯ ನೆರಳಿಗೆ ಹೋಗಿ ಬೀಳುತ್ತಿದ್ದರು. ನಾಲ್ಕರ ತನಕ ಏಳುತ್ತಿರಲಿಲ್ಲ. ಕಂಪ್ರೆಸ್ಸರು ಕುದಿದು ನಿಲ್ಲುತ್ತಿತ್ತು. ದಿನಕ್ಕೆ ಮೂರು ಲೋಡು ಹೋಗುತ್ತಿದ್ದ ಜಲ್ಲಿ ಒಂದಕ್ಕಿಳಿಯಿತು. ಡೀಸೆಲ್ಲಿನ ಖರ್ಚು ಇಳಿಯಲಿಲ್ಲ. ಟ್ರಾಕ್ಟರಿನ ಬಾಡಿಗೆ ಇಳಿಯಲಿಲ್ಲ. ಕಂತು ಇಳಿಯಲಿಲ್ಲ. ಒಂದು ಕಂತು ಬಾಕಿ ಬಿತ್ತು. ಆಮೇಲೆ ಇನ್ನೊಂದು.

ಒಂದು ಸೋಮವಾರ ಸೋಮಯ್ಯ ಬ್ಯಾಂಕಿಗೆ ಹೋದ. ಮ್ಯಾನೇಜರ ಕೋಣೆಯಲ್ಲಿ ಚಲುವರಾಜು ಕೂತಿದ್ದ. ಎದುರಿಗೆ ಎಳನೀರು, ತಲೆಯ ಮೇಲೆ ಫ್ಯಾನು. ಸೋಮಯ್ಯ ಬಾಗಿಲಲ್ಲಿ ನಿಂತ. ಅವನಿಗೆ ಯಾರೂ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ.

ಚಲುವರಾಜುವಿಗೂ ಅದೇ ಬ್ಯಾಂಕಿನಲ್ಲಿ ಸಾಲವಿತ್ತು, ಅಕ್ಕಿ ಗಿರಣಿಯ ಮೇಲೆ. ಅವನೂ ಕಟ್ಟಿರಲಿಲ್ಲ. ಬೇಸಿಗೆ, ಕರೆಂಟಿಲ್ಲ, ಗಿರಣಿ ಓಡುತ್ತಿಲ್ಲ ಅಂದ. ಮ್ಯಾನೇಜರ ನಕ್ಕ.

"ನಿಮ್ಮದೇನು ಬಿಡಿ. ಮಳೆ ಬೀಳಲಿ, ಆಮೇಲೆ ನೋಡೋಣ. ವಾಯಿದೆ ಮುಂದಕ್ಕೆ ಹಾಕಿಕೊಡ್ತೀನಿ."

ಚಲುವರಾಜು ಎದ್ದು ಹೋಗುವಾಗ ಬಾಗಿಲಲ್ಲಿ ಸೋಮಯ್ಯನ ಭುಜ ತಟ್ಟಿದ. "ಏನ್ಲಾ ಓನರ್ರು?" ಅಂದ.

ಸೋಮಯ್ಯ ಒಳಗೆ ಹೋಗಿ ಕೈ ಕಟ್ಟಿ ನಿಂತ. "ಸ್ವಾಮಿ, ನಂಗೂ ಮಳೆಗಂಟ ಟೈಮ್ ಕೊಡಿ. ಬಿಸ್ಲು ತಡಿಯಾಕಿಲ್ಲ. ಆಳುಗೋಳ್ ಕೈಯೆಲ್ಲ ಬೊಬ್ಬೆ."

"ಬಿಸಿಲಾದರೆ ಬ್ಯಾಂಕು ಮುಚ್ಚಿದೀವೇನಪ್ಪ ನಾವು?"

"ಈಗ್ ಗೌಡ್ರುಗೆ ಕೊಟ್ರಲ್ಲ ಸ್ವಾಮಿ."

ಮ್ಯಾನೇಜರ ಕನ್ನಡಕ ತೆಗೆದ. "ಅವರ ಗಿರಣಿ ಇದೆ, ತೋಟ ಇದೆ, ಓಡಿಹೋಗಲ್ಲ. ನಿನ್ನದೇನಿದೆ? ನಿಮ್ಮ ಜನಕ್ಕೆ ಸಾಲ ಕೊಡಬೇಡಿ ಅಂತ ನಾನು ಮೊದಲೇ ಬರೆದಿದ್ದೆ. ಮೇಲಿನವರು ಕೊಡಿ ಅಂದರು, ಕೊಟ್ಟೆ. ಶನಿವಾರದೊಳಗೆ ಎರಡು ಕಂತೂ ಕಟ್ಟು. ಇಲ್ಲದಿದ್ದರೆ ಜೀಪು ಬರುತ್ತೆ, ಯಂತ್ರ ಎತ್ತುತ್ತೆ. ನಿಮ್ಮ ಕೇರಿಯಲ್ಲಿ ಇನ್ನೊಬ್ಬನಿಗೆ ಸಾಲ ಹುಟ್ಟಲ್ಲ, ಅದು ನಿನ್ನಿಂದ."

ಆ ಕೊನೆಯ ಮಾತು ಸೋಮಯ್ಯನ ಕಪಾಲಕ್ಕೆ ಹೊಡೆಯಿತು. ನೀರು ಕೇಳಬೇಕೆನಿಸಿತು. ಕೇಳಲಿಲ್ಲ.

ಮಾರನೆಯ ದಿನದಿಂದ ಅವನು ಬೇರೆಯವನಾದ. ಹೆಂಗಸರು ಹತ್ತೂವರೆಗೆ ಎದ್ದರೆ ಎದುರು ನಿಂತ. ಹೊಂಗೆಯ ಕಡೆ ಹೋದವರನ್ನು ಹಿಂದಕ್ಕೆ ಕರೆದ. "ಶನಿವಾರಗಂಟ ಒಸಿ ತಡ್ಕೊಳಿ. ಆಮ್ಯಾಕೆ ಬ್ಯಾಕಾದಂಗ್ ಮನಿಕ್ಕೊಳಿ." ಕೇಳುತ್ತ ಕೇಳುತ್ತ ಕೂಗತೊಡಗಿದ. ಕೂಗುತ್ತ ಕೂಗುತ್ತ ಬೈಯತೊಡಗಿದ. ಚಲುವರಾಜು ಬೈಯುತ್ತಿದ್ದ ಮಾತುಗಳೇ ಅವನ ಬಾಯಲ್ಲಿ ಬಂದವು. ಬೇರೆ ಬೈಗುಳ ಅವನು ಕಲಿತಿರಲಿಲ್ಲ.

ಕುಳ್ಳಮ್ಮ ಒಂದು ದಿನ ಸುತ್ತಿಗೆ ಎಸೆದಳು. "ಗೌಡುನ್ ತಾವ ಉಗಿಸ್ಕಳದು ಸಾಕು ಅಂತ ನಿನ್ ಹಿಂದೆ ಬಂದೋ ಕಣ್ಲಾ ಸೋಮ. ಈಗ ನೀನೂ ಉಗೀತಿಯಾ?"

ಮಾರಮ್ಮನೇ ಸುತ್ತಿಗೆ ಎತ್ತಿಕೊಟ್ಟಳು. "ಬುಡಕ್ಕ. ಅವ್ನ್ ಹೊಟ್ಟೇಲೂ ಬೆಂಕಿ ಬಿದ್ದದೆ. ಮಿಸಿನ್ನು ವೋದ್ರೆ ನಾವು ಅದೇ ಬಾಗ್ಲಿಗ್ ವಾಪಸ್ ವೋಗ್ಬೇಕು."

ಶುಕ್ರವಾರ. ಇನ್ನು ಎರಡು ಲೋಡು ಹೋದರೆ ಹಣ ಸರಿಹೋಗುತ್ತಿತ್ತು. ಗಾಳಿ ಇರಲಿಲ್ಲ. ದೂರದ ಮೇಲುಕೋಟೆ ಬೆಟ್ಟ ಬಿಸಿಲ ಝಳದಲ್ಲಿ ನಡುಗುತ್ತಿತ್ತು. ಹನ್ನೊಂದಕ್ಕೆ ಟ್ರಾಕ್ಟರು ತುಂಬಿತು. ಡ್ರೈವರ ಕೇಳಿದ, "ಅಣ್ಣೋ, ಮೊದ್ಲು ಕೇರಿಗೋಗಿ ನೀರ್ ತಂದಾಕ್ಲಾ? ಡ್ರಮ್ಮು ತಳ ಕಾಣ್ತಾದೆ."

"ಮೊದ್ಲು ಜಲ್ಲಿ ಹಾಕ್ಬುಟ್ ಬಾ" ಅಂದ ಸೋಮಯ್ಯ. "ಬರೋವಾಗ ನೀರು ತತ್ತಾ."

ಟ್ರಾಕ್ಟರು ಹೋಯಿತು. ಸ್ವಲ್ಪ ಹೊತ್ತಿಗೆ ಕಂಪ್ರೆಸ್ಸರು ಕುದಿಯಿತು. ಮುಚ್ಚಳದಿಂದ ಬುಸ್ಸೆಂದು ಹಬೆ. ದಾಸಯ್ಯ ನಿಲ್ಲಿಸಿ ಹಿಂದೆ ಸರಿದ. ಸೋಮಯ್ಯ ಅದು ಆರುವ ತನಕ ಕಾದ. ಒಣಗಿದ ರೇಡಿಯೇಟರಿನಲ್ಲಿ ಇಂಜಿನ್ನು ಓಡಿಸಿದರೆ ಒಳಗೇ ಕಚ್ಚಿಕೊಂಡು ಸೀಜಾಗಿ ಕೂರುತ್ತದೆ. ಸೀಜಾದರೆ ಶನಿವಾರ ಬರುವ ಜೀಪಿಗೆ ಎತ್ತುವುದಕ್ಕೂ ಏನೂ ಉಳಿಯುವುದಿಲ್ಲ.

ಡ್ರಮ್ಮನ್ನು ವಾರೆ ಮಾಡಿ ಉಳಿದ ನೀರನ್ನು ಬಕೀಟಿಗೆ ಬಗ್ಗಿಸಿದ.

ಮಾರಮ್ಮ ತಲೆ ಎತ್ತಿ ನೋಡಿದಳು. ಅವಳ ತುಟಿ ಬಿಳಿಚಿತ್ತು. "ಒಂದ್ ಚೊಂಬ್ ಉಳಿಸ್ಲಾ ತಮ್ಮ. ನಾಲ್ಗೆ ಅಂಟ್ಕಂಡದೆ."

"ಈಗ್ ಬತ್ತದೆ ಸುಮ್ಕಿರತ್ತಿಗೆ. ಟ್ರಾಕ್ಟರು ಬಂದೇ ಬುಡ್ತು."

ಬಕೀಟಿನ ನೀರನ್ನೆಲ್ಲ ರೇಡಿಯೇಟರಿಗೆ ಹೊಯ್ದ. ಅದು ಗಟಗಟ ಕುಡಿಯಿತು. ತಳದಲ್ಲಿ ಉಳಿದದ್ದನ್ನೂ ಬಕೀಟು ಮಗುಚಿ ಹೊಯ್ದು ಇಂಜಿನ್ನು ಓಡಿಸಿದ. ಮಾರಮ್ಮ ಅಂಗೈಯ ಬಟ್ಟೆ ಬಿಗಿದುಕೊಂಡಳು. ಮತ್ತೆ ಸುತ್ತಿಗೆ ಎತ್ತಿದಳು.

ಟ್ರಾಕ್ಟರು ಬರಲಿಲ್ಲ. ಶ್ರೀರಂಗಪಟ್ಟಣದ ಹತ್ತಿರ ಅದರ ಟೈರು ಸಿಡಿದಿದ್ದು ಆಮೇಲೆ ತಿಳಿಯಿತು.

ಒಂದೂವರೆಯ ಹೊತ್ತಿಗೆ ಮಾರಮ್ಮ ಏನೇನೋ ಮಾತಾಡತೊಡಗಿದಳು. ಸಿಂಧಘಟ್ಟದ ಕೆರೆ ಕೋಡಿ ಬಿದ್ದಿದೆ ಅಂದಳು. ಮಗಳು ಸಣ್ಣತಾಯಿಯನ್ನು ಎತ್ತಿಕೊಳ್ಳಿ, ನೀರಿಗೆ ಬೀಳುತ್ತಾಳೆ ಅಂದಳು. ಸಣ್ಣತಾಯಿ ಆಗ ಹತ್ತನೇ ಕ್ಲಾಸು ಮುಗಿಸಿದ ಹುಡುಗಿ. ಕುಳ್ಳಮ್ಮ ಓಡಿ ಬಂದು ಮುಟ್ಟಿದಳು. ಮೈ ಸುಡುತ್ತಿತ್ತು, ಒಂದು ಹನಿ ಬೆವರಿರಲಿಲ್ಲ. ಮಾರಮ್ಮ ಎದ್ದು ಎರಡು ಹೆಜ್ಜೆ ಇಟ್ಟು ಜಲ್ಲಿಯ ರಾಶಿಯ ಮೇಲೆ ಮುಖ ಅಡಿಯಾಗಿ ಬಿದ್ದಳು.

"ನೀರೂ" ಅಂತ ಕುಳ್ಳಮ್ಮ ಅರಚಿದಳು. ಕೊಡ ಎತ್ತಿಕೊಂಡು ಗುಡ್ಡ ಇಳಿದು ತೋಟಕ್ಕೆ ಓಡಿದಳು. ಆಳು "ಅಲ್ಲೇ ನಿಂತ್ಕೊ" ಅಂತ ಅಡ್ಡ ಬಂದ. ಅವನ ಎದೆಗೆ ಕೊಡದಲ್ಲೇ ಗುದ್ದಿದಳು. ತೊಟ್ಟಿಗೆ ಮೊಣಕೈ ತನಕ ಕೈ ಹಾಕಿ ಮುಳುಗಿಸಿ ತುಂಬಿದಳು. ಚಲುವರಾಜುವಿನ ತೊಟ್ಟಿಗೆ ಕೇರಿಯ ಕೈ ಬಿದ್ದದ್ದು ಅದೇ ಮೊದಲು. ಅವಳು ಹತ್ತಿ ಬರುವಷ್ಟರಲ್ಲಿ ದಾಸಯ್ಯ ಹೆಂಡತಿಯ ತಲೆ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ. ಅವನ ಕೈ ಅವಳ ಹಣೆಗಂಟಿದ ಜಲ್ಲಿಯ ಚೂರುಗಳನ್ನು ಒಂದೊಂದಾಗಿ ತೆಗೆಯುತ್ತಿತ್ತು.

ಸೋಮಯ್ಯ ಕಂಪ್ರೆಸ್ಸರಿನ ಪಕ್ಕ ನಿಂತಿದ್ದ. ಇಂಜಿನ್ನು ಇನ್ನೂ ಓಡುತ್ತಿತ್ತು. ಅದನ್ನು ನಿಲ್ಲಿಸಬೇಕು ಅನ್ನುವುದೂ ಅವನಿಗೆ ಹೊಳೆಯಲಿಲ್ಲ.

ಸಂಜೆಗೆ ಚಲುವರಾಜು ಕೇರಿಯ ಬಾಯಿಗೆ ಬಂದ. ಒಳಗೆ ಬರಲಿಲ್ಲ. ಸೋಮಯ್ಯನನ್ನು ಮೋಟಾರ್ ಬೈಕಿನ ಹತ್ತಿರ ಕರೆಸಿಕೊಂಡ. ದನಿ ತಗ್ಗಿಸಿದ.

"ಆಗಿದ್ದಾಗೋಯ್ತು. ಗಣೀಲ್ ಸತ್ಲು ಅಂದ್ರೆ ನಿನ್ ಗುತ್ತಿಗೆ ಕ್ಯಾನ್ಸಲ್ಲು, ಮ್ಯಾಕೆ ಜೈಲು. ಎಲ್ಲಾರ್ ಗಣೀನೂ ಮುಚ್ಚುಸ್ತಾರೆ, ನನ್ ರಸ್ತೆ ಕಂಟ್ರಾಟೂ ನಿಂತೋಯ್ತದೆ. ಮೊದ್ಲಿಂದ ಎದೆನೋವಿತ್ತು, ಮನೇಲೇ ಸತ್ಲು ಅಂತ ಬರ್ಸು. ಠಾಣೇಲಿ ನಾನ್ ಮಾತಾಡಿವ್ನಿ. ಬ್ಯಾಂಕ್ನೋರ್ಗೂ ಯೋಳಿ ನಿಂಗೆ ಮಳೆಗಂಟ ಟೈಮ್ ಕೊಡುಸ್ತೀನಿ."

ಮಳೆಯ ತನಕ ಟೈಮು. ಸೋಮವಾರ ಕೈಕಟ್ಟಿ ಕೇಳಿದಾಗ ಸಿಗದ್ದು. ಅದಕ್ಕೀಗ ಬೆಲೆ ಕಟ್ಟಿಯಾಗಿತ್ತು, ಬೆಲೆ ಒಳಗೆ ಚಾಪೆಯ ಮೇಲೆ ಮಲಗಿತ್ತು. ಆದರೂ ಸುಳ್ಳು ಯಾಕೆ, ಒಂದು ಗಳಿಗೆ ಸೋಮಯ್ಯನ ಮನಸ್ಸು ಆ ಕಡೆ ವಾಲಿತು. ಯಂತ್ರ ಉಳಿಯುತ್ತದೆ. ಸತ್ತವಳು ಬರುವುದಿಲ್ಲ. ಹೀಗೆ ಅಂದುಕೊಂಡದ್ದನ್ನು ಅವನು ಮುಂದೆ ಯಾವತ್ತೂ ತನಗೆ ತಾನು ಮನ್ನಿಸಲಿಲ್ಲ.

ಠಾಣೆಯಲ್ಲಿ ದಫೇದಾರ ಕಾಗದ ಹರವಿಕೊಂಡು ಬರೆದೇ ಇಟ್ಟಿದ್ದ. ಎದೆನೋವು, ಮನೆ, ಸಾವು. ಓದಿ ಹೇಳಿ ಪೆನ್ನು ಚಾಚಿದ. ದಾಸಯ್ಯ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಅವನ ಪಕ್ಕ ಸಣ್ಣತಾಯಿ ನಿಂತಿದ್ದಳು. ಅಳುತ್ತಿರಲಿಲ್ಲ. ಚಿಕ್ಕಪ್ಪನ ಕೈಯನ್ನೇ ನೋಡುತ್ತಿದ್ದಳು.

ಸೋಮಯ್ಯ ಪೆನ್ನು ಕೆಳಗಿಟ್ಟ.

"ಅದು ಸುಳ್ಳು ಸ್ವಾಮಿ. ಗಣೀಲ್ ಸತ್ಲು. ಬಿಸ್ಲಲ್ ಸತ್ಲು. ನೀರ್ ಕೇಳುದ್ಲು, ನಾನ್ ಕೊಡ್ನಿಲ್ಲ. ಇದ್ ನೀರ್ನ ಮಿಸಿನ್ಗುಯ್ದೆ. ಬರ್ಕೊಳಿ."

ದಫೇದಾರ ಅವನನ್ನು ಮೇಲಿಂದ ಕೆಳಗೆ ನೋಡಿದ. ಚಲುವರಾಜು ಬಾಗಿಲಿಂದ "ತಲೆ ಕೆಟ್ಟದೆ ಅವ್ನ್ಗೆ" ಅಂದ. ಇನ್ಸ್‌ಪೆಕ್ಟರ್ ಸಾಹೇಬ ಒಳಗಿಂದ ಎದ್ದು ಬಂದ. ಸ್ವಲ್ಪ ಯೋಚಿಸಿದ. ಬೇರೆ ಕಾಗದ ತೆಗೆಸಿದ.

"ಬರ್ಕೋ. ಕೆಲಸ ಮಾಡಿಸಿದ್ದು ಇವನು. ನೀರು ಕೊಡದೆ ಇದ್ದದ್ದು ಇವನು. ಮುಗೀತು. ಹಾಕು ರುಜು."

"ಮುಗಿನಿಲ್ಲ ಸ್ವಾಮಿ. ಯಾಕ್ ಮಾಡುಸ್ದೆ ಅಂತ್ಲೂ ಬರ್ಕೊಳಿ. ಬ್ಯಾಂಕ್ನಲ್ಲಿ ಅದೇ ಬಿಸ್ಲಿಗೆ ಗೌಡ್ರುಗೆ ಮಳೆಗಂಟ ವಾಯ್ದೆ ಕೊಟ್ರು. ನಂಗೆ ಶನಿವಾರಗಂಟ ಅಂದ್ರು. ಅದ್ನೂ ಬರ್ಕೊಳಿ. ಮಗ್ಗುಲಲ್ಲೇ ತೊಟ್ಟಿ ತುಂಬ ನೀರಿತ್ತು, ಮುಟ್ಟಂಗಿರ್ನಿಲ್ಲ. ಅದ್ನೂ ಬರ್ಕೊಳಿ."

"ಅದೆಲ್ಲ ಇದರಲ್ಲಿ ಬರಲ್ಲ ಕಣೋ."

"ಬರ್ದೆ ಇದ್ರೆ ರುಜು ಹಾಕಕ್ಕಿಲ್ಲ. ನನ್ ತಪ್ಪ ಪೂರ ಬರ್ಕೊಳಿ, ಒಂದಕ್ಷರ ಬುಡ್ಬ್ಯಾಡಿ. ಆದ್ರೆ ನಂದೊಂದ್ನೇ ಬರಿಬ್ಯಾಡಿ."

ಮೊದಲ ಏಟು ಕಿವಿಯ ಮೇಲೆ ಬಿತ್ತು. ಆಮೇಲಿನವು ಎಲ್ಲೆಲ್ಲಿ ಬಿದ್ದವೋ. ಅವನು ತಡೆಯಲಿಲ್ಲ. ಹೊಡೆತ ಬಿದ್ದಷ್ಟೂ ಮನಸ್ಸಿಗೆ ಒಂಥರ ಹಗುರಾಗುತ್ತಿತ್ತು, ಆ ಹಗುರಕ್ಕೇ ಅವನಿಗೆ ನಾಚಿಕೆಯೂ ಆಗುತ್ತಿತ್ತು. ಇಷ್ಟು ಸುಲಭಕ್ಕೆ ತೀರುವ ಲೆಕ್ಕವಲ್ಲ ಇದು. ರುಜು ಹಾಕಲಿಲ್ಲ. ಲಾಕಪ್ಪಿಗೆ ತಳ್ಳಿದರು.

ಹೆಣ ಕೊಯ್ಯುವ ಆಸ್ಪತ್ರೆಯ ಕಾಗದದಲ್ಲಿ ಬಿಸಿಲಿನ ಹೊಡೆತ ಅಂತಲೇ ಬಂತು. ಕೇಸು ಸೋಮಯ್ಯನೊಬ್ಬನ ಮೇಲೆ ಬಿತ್ತು. ಬ್ಯಾಂಕಿನ ಹೆಸರು ಎಲ್ಲೂ ಇರಲಿಲ್ಲ, ತೊಟ್ಟಿಯ ಮಾತೂ ಇರಲಿಲ್ಲ. ಜಾಮೀನಿಗೆ ಕೇರಿಯವರೇ ಕೈಜೋಡಿಸಿದರು. ಹೊರಗೆ ಬರುವಷ್ಟರಲ್ಲಿ ಜೀಪು ಬಂದು ಕಂಪ್ರೆಸ್ಸರನ್ನು ಎಳೆದುಕೊಂಡು ಹೋಗಿತ್ತು. ಗುತ್ತಿಗೆ ರದ್ದಾಗಿತ್ತು.

ಅವನು ಅಣ್ಣನ ಹಟ್ಟಿಗೆ ಹೋದ. ಜಗಲಿಯ ಕೆಳಗೆ ನಿಂತ. ಅಣ್ಣ ಹೊಡೆಯಲಿ ಅಂತ ಹೋಗಿದ್ದ. ದಾಸಯ್ಯ ಕೆಮ್ಮಿದ. ಜಾಗ ಬಿಟ್ಟು ಸರಿದು ಕೂತ.

"ಕುಂತ್ಕೊ. ನೀನೇನ್ ಮಾಡಿಯೆ ಬುಡು."

ಸೋಮಯ್ಯ ಕೂರಲಾರದೆ ಹೋದ. ಬೈದಿದ್ದರೆ ಕೂರಬಹುದಿತ್ತು.

ಅಲ್ಲಿಂದ ಅವನು ಗುಡಿಸಲು ಬಿಟ್ಟು ಹೊರಗೆ ಬರಲಿಲ್ಲ. ಇತ್ತ ಹೆಂಗಸರೆಲ್ಲ ಚಲುವರಾಜುವಿನ ಗಣಿಗೆ ವಾಪಸ್ಸು ಹೋದರು. ಹೊಟ್ಟೆ ಕೇಳುವುದಿಲ್ಲ. ಅಲ್ಲಿ ಮಧ್ಯಾಹ್ನದ ನೆರಳೇ ಇಲ್ಲ, ರಸ್ತೆಯ ಕೆಲಸ ಅವಸರದ್ದು. ನೀರು ಮತ್ತೆ ಮೇಲಿಂದಲೇ. ಒಬ್ಬಳು ತಲೆ ಸುತ್ತಿ ಬಿದ್ದಳು. ಅವತ್ತು ಸಂಜೆ ಕುಳ್ಳಮ್ಮ ಕೆಲವರನ್ನು ಕರೆದುಕೊಂಡು ಸೋಮಯ್ಯನ ಬಾಗಿಲಿಗೆ ಬಂದಳು. ಹಿಂದೆ ಸಣ್ಣತಾಯಿಯೂ ಇದ್ದಳು. ತಾಯಿಯ ಜಾಗದಲ್ಲಿ ಈಗ ಅವಳೇ ಜಲ್ಲಿ ಒಡೆಯುತ್ತಿದ್ದಳು.

"ನಾಳಿಕೆ ಗೌಡುನ್ನ ಕೇಳ್ಬೇಕು" ಅಂದಳು ಕುಳ್ಳಮ್ಮ. "ಹತ್ತೂವರೆಯಿಂದ ನಾಕ್ ಗಂಟೆಗಂಟ ಸುತ್ಗೆ ಮುಟ್ಟಕ್ಕಿಲ್ಲ. ನೀರ್ನ ನಾವೇ ಮೊಕ್ಕೊತೀವಿ. ನಿಂಗ್ ಮಾತಾಡಕ್ ಬತ್ತದೆ. ಬಾ."

ಸೋಮಯ್ಯ ತಲೆ ಎತ್ತಲಿಲ್ಲ. "ನಾನ್ ಯಾವ್ ಬಾಯಲ್ ಬರ್ಲಿ ಕುಳ್ಳಮ್ಮಕ್ಕ?"

ತಾಯಿ ಸತ್ತ ಮೇಲೆ ಸಣ್ಣತಾಯಿ ಅವನೊಂದಿಗೆ ಮಾತಾಡಿರಲಿಲ್ಲ. ಈಗ ಮಾತಾಡಿದಳು.

"ನಮ್ಮವ್ವುಂಗೆ ಸುಮ್ಕಿರು ಅಂದ್ ಬಾಯಲ್ಲೇ ಬಾ ಚಿಕ್ಕಪ್ಪ."

ಅವಳ ದನಿಯಲ್ಲಿ ಕನಿಕರವಿರಲಿಲ್ಲ. ಅವನು ಎದ್ದ.

ಬೆಳಿಗ್ಗೆ ಹತ್ತೂವರೆಗೆ ಚಲುವರಾಜು ಕೊಡೆ ಹಿಡಿಸಿಕೊಂಡು ಗಣಿಗೆ ಬಂದ. ಹೆಂಗಸರು ಕೆಲಸ ಬಿಟ್ಟು ಎದ್ದು ನಿಂತಿದ್ದರು. ಮುಂದೆ ಸೋಮಯ್ಯ ನಿಂತಿದ್ದ. ಠಾಣೆಯಲ್ಲಿ ಏಟು ತಿಂದು ಊದಿದ ಕಿವಿ ಇನ್ನೂ ಇಳಿದಿರಲಿಲ್ಲ. ಅವನು ಕೈ ಕಟ್ಟಲಿಲ್ಲ. ಹೇಳಬೇಕಾದ್ದನ್ನು ಹೇಳಿದ.

ಚಲುವರಾಜು ಎಲ್ಲರಿಗೂ ಕೇಳುವಂತೆ ನಕ್ಕ.

"ನೋಡ್ರವ್ವ, ಸ್ವಂತ ಅತ್ಗೇನ ಬಿಸ್ಲಲ್ ಕೊಂದೋನು ನಂಗ್ ಬುದ್ಧಿ ಯೋಳಕ್ ಬಂದವ್ನೆ."

ಸೋಮಯ್ಯ ಹಿಂದಕ್ಕೆ ತಿರುಗಿ ನೋಡಲಿಲ್ಲ. ಸಣ್ಣತಾಯಿ ಅಲ್ಲೇ ಇದ್ದಾಳೆಂದು ಅವನಿಗೆ ಗೊತ್ತಿತ್ತು.

"ಊಂ ಕಣ್ ಗೌಡ್ರೆ" ಅಂದ. "ಕೊಂದೋನೇ ಯೋಳ್ತಾವ್ನಿ. ಎಂಗ್ ಸಾಯ್ತಾರೆ ಅಂತ ನಾನ್ ನೋಡಿವ್ನಿ. ಇನ್ನೊಬ್ಳ್ ಸಾಯಾಕ್ ಬುಡಾಕಿಲ್ಲ."